ಸುಹಾನಾ ತಾನೇ ತುಂಬಿದ ಅರ್ಜಿ

ಕುರುಗೋಡಿನ ಚಾಂದಸಾಬ್ ಅದಿರು ಲಾರಿಗಳಿಗೆ ತಾಡಪತ್ರಿ ಹೊಲಿದು ಕೊಡುವವರು. 2010ರಲ್ಲಿ ಬಳ್ಳಾರಿ ರಸ್ತೆಯ ತುಂಬ ಲಾರಿಯೇ ಲಾರಿ. ಅವರಿಗೆ ಸೂಜಿ ಕೆಳಗಿಡಲು ಪುರುಸೊತ್ತಿರಲಿಲ್ಲ. ಆದರೂ ಅವತ್ತು ಕೆಲಸ ಬಿಟ್ಟು, ಮಗಳು ಸುಹಾನಾಳ ಜೊತೆ ಬಳ್ಳಾರಿಗೆ ಬಂದಿದ್ದರು.

ಸುಹಾನಾಗೆ ಹುಟ್ಟಿನಿಂದ ಕಣ್ಣು ಕಾಣದು. ಬಿ.ಎ. ಓದಿದ್ದಾಳೆ, ಕಂಪ್ಯೂಟರ್ ಕಲಿತಿದ್ದಾಳೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಒಂದಿದೆ. ಅದನ್ನು ಕೇಳಿಸಿಕೊಳ್ಳುತ್ತ ಅವಳು ಟೈಪ್ ಮಾಡುವ ವೇಗ ನೋಡಿದರೆ, ಕಣ್ಣಿರುವ ನಮಗೇ ನಾಚಿಕೆಯಾಗಬೇಕು.

ಒಂದು ಸರ್ಕಾರಿ ಕಚೇರಿಯ ಸಹಾಯವಾಣಿಗೆ ಫೋನಿನಲ್ಲಿ ಮಾತಾಡುವವರು ಬೇಕಾಗಿದ್ದರು. ಅವಳಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ಅರ್ಜಿಯನ್ನು ವೆಬ್‌ಸೈಟಿನಲ್ಲೇ ಹಾಕಬೇಕು, ಉಳಿದಿದ್ದು ಮೂರೇ ದಿನ. ಅವಳ ತಂತ್ರಾಂಶಕ್ಕೆ ಆ ಸೈಟು ಅರ್ಥವೇ ಆಗುತ್ತಿರಲಿಲ್ಲ. ಅದಕ್ಕೇ, ಕಚೇರಿಗೆ ಆ ಸೈಟು ಮಾಡಿಕೊಟ್ಟ ಉಮಾಪತಿಯ ಕಂಪ್ಯೂಟರ್ ಅಂಗಡಿ ಹುಡುಕಿಕೊಂಡು ಬಂದಿದ್ದರು.

"ಇಷ್ಟೇನಾ? ಕುಂದರವ್ವ, ನಾನಾ ತುಂಬಿ ಕೊಡ್ತೀನಿ," ಎಂದ ಉಮಾಪತಿ. ಒಳ್ಳೆಯ ಮನುಷ್ಯ.

"ಹೌದು ಬೇಟಾ, ಅವ್ರು ತುಂಬ್ತಾರ. ಮನಿಗೆ ಹೋಗೂಣು," ಎಂದರು ಚಾಂದಸಾಬ್.

"ಹೋದ ವರ್ಷ ಒಬ್ರು ತುಂಬಿದ್ರಲ್ಲ ಅಬ್ಬಾ. ಅಂಗವಿಕಲರ ಮೀಸಲಾತಿ ಅನ್ನೋ ಕಡೆ ಗುರುತಾ ಹಾಕಿರಲಿಲ್ಲ. ಅರ್ಜಿ ತಿರಸ್ಕಾರ ಆತು. ಈ ಸಲ ನಾನಾ ತುಂಬ್ತೀನಿ. ಅಣ್ಣ, ನನ್ನ ತಂತ್ರಾಂಶ ಓದೋ ಹಂಗ ಸೈಟು ಸರಿ ಮಾಡಿಕೊಡ್ರಿ."

ಉಮಾಪತಿಗೆ ಸ್ವಲ್ಪ ಬೇಸರವಾಯಿತು. "ಒಬ್ಬರ ಸಲುವಾಗಿ ಇಡೀ ಸೈಟ್ ಬದಲು ಮಾಡಾಕ ಆಗತೈತೇನವ್ವ? ಗಣಿ ಮಾಲಕರಿಗೆ ಎಲ್ಲಾ ಇಂಗ್ಲಿಷ್‌ನಾಗ ಮಾಡಿಕೊಟ್ಟೀನಿ. ಇದೊಂದನ್ನ ಹಠ ಹಿಡಿದು ಪೂರಾ ಕನ್ನಡದಾಗ ಮಾಡೀನಿ!"

"ಹಂಗಾದ್ರ ನಿಮ್ಮ ಕನ್ನಡ ಒಂದ್ಸಲ ಕೇಳ್ರಿ ಅಣ್ಣ," ಎಂದು ಸುಹಾನಾ ತಾನು ತಂದಿದ್ದ ಪೆನ್‌ಡ್ರೈವ್ ಹಾಕಿ, ತಂತ್ರಾಂಶ ಶುರು ಮಾಡಿದಳು.

ಮೊದಲು ಸಾಲುಸಾಲು ಫೋಟೊ. "ಚಿತ್ರ, ಚಿತ್ರ, ಚಿತ್ರ," ಎಂದಿತು ಯಂತ್ರ. ಯಾವುದರ ಚಿತ್ರ ಎಂದು ಹೇಳಲಿಲ್ಲ. ಆಮೇಲೆ 'ಕನ್ನಡ' ಎಂದು ಬರೆದ ಕಡೆ ಬಂತು. "ಪಿ, ಎ, ಪೌಂಡ್, ಎ..."

"ನಡುವ ಪೌಂಡ್ ಎಲ್ಲಿಂದ ಬಂತಪ್ಪ?" ಚಾಂದಸಾಬ್ ಗಾಬರಿಯಾದರು.

ಸುಹಾನಾ ನಕ್ಕಳು. "ನೀವು ಬಳಸಿದ್ದು ಹಳೇ ಫಾಂಟ್ ಅಣ್ಣ. ಮ್ಯಾಲೆ ಕನ್ನಡದ ವೇಷ, ಒಳಗ ಇಂಗ್ಲಿಷ್ ಅಕ್ಷರ. ನಿಮ್ಮ ಸೈಟಿನಾಗ ಕನ್ನಡನ ಇಲ್ಲ."

ಉಮಾಪತಿಯ ಮುಖ ಸಣ್ಣದಾಯಿತು. ಅಂಗಡಿ ಬಾಗಿಲಿಗೆ ವರ್ಷವಿಡೀ ಕನ್ನಡ ಬಾವುಟ ಕಟ್ಟುವ ಆಸಾಮಿ ಅವನು. ಬೈದಿದ್ದರೂ ತಡೆದುಕೊಳ್ಳುತ್ತಿದ್ದನೇನೋ, ಈ ಮಾತು ಮಾತ್ರ ನಾಟಿತು. "ಏನ್ ಮಾಡಬೇಕು, ಹೇಳು ತಂಗಿ," ಎಂದ.

"ಯೂನಿಕೋಡ್‌ನಾಗ ಬರೀರಿ, ಆಗ ಒಳಗೂ ಕನ್ನಡ ಅಕ್ಷರಾನ ಇರ್ತಾವ. ಚಿತ್ರದಾಗ ಏನೈತಿ ಅಂತ ಎರಡು ಮಾತು ಸೇರಿಸ್ರಿ. ತುಂಬೋ ಖಾನಿಗೆಲ್ಲಾ ಹೆಸರು ಕೊಡ್ರಿ. ಮೌಸ್ ಮುಟ್ಟದ ಕೀಬೋರ್ಡ್‌ನಿಂದಾನ ಎಲ್ಲಾ ನಡೀಬೇಕು. ಸರ್ಕಾರಿ ಸೈಟು ಹಿಂಗ ಎಲ್ಲರಿಗೂ ಬಳಸಾಕ ಬರಬೇಕು ಅಂತ ಹೋದ ವರ್ಷಾನ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸೈತಿ ಅಣ್ಣ."

"ನಾಡಿದ್ದು ಬರ್ರಿ," ಎಂದ ಉಮಾಪತಿ. ಎರಡು ದಿನ ಬೇರೆ ಕೆಲಸ ಮುಟ್ಟದೆ ಸೈಟನ್ನು ಸರಿ ಮಾಡಿದ. ತಪ್ಪು ಒಪ್ಪಿಕೊಂಡು ತಿದ್ದಿದ ಅವನನ್ನೂ ಮೆಚ್ಚಬೇಕು.

ಕೊನೆಯ ದಿನ ಸುಹಾನಾ ಅಂಗಡಿಯ ಕಂಪ್ಯೂಟರ್ ಮುಂದೆ ಕುಳಿತಳು. ಯಂತ್ರ ಅಚ್ಚ ಕನ್ನಡದಲ್ಲಿ ಕೇಳಿತು: ಹೆಸರು, ವಿಳಾಸ, ವಿದ್ಯಾರ್ಹತೆ. ಅವಳ ಬೆರಳು ಎಲ್ಲೂ ತಡೆಯಲಿಲ್ಲ. "ಅಂಗವಿಕಲರ ಮೀಸಲಾತಿ, ಗುರುತು ಹಾಕಿಲ್ಲ," ಎಂದಿತು. ಅವಳು ಒತ್ತಿದಳು. "ಗುರುತು ಹಾಕಿದೆ." ಆಮೇಲೆ, "ನಿಮ್ಮ ಅರ್ಜಿ ಸಲ್ಲಿಕೆಯಾಗಿದೆ."

ಹಿಂದೆ ನಿಂತಿದ್ದ ಚಾಂದಸಾಬ್ ಕಣ್ಣು ಒರೆಸಿಕೊಂಡರು. "ನಾನು ಸಾಲಿ ಕಟ್ಟಿ ಹತ್ತಿದವನಲ್ಲ ಬೇಟಾ. ಎಷ್ಟು ಅರ್ಜಿಗೆ ಹೆಬ್ಬೆಟ್ಟು ಒತ್ತೀನೋ! ಒಳಗೇನು ಬರದೈತಿ ಅಂತ ಗೊತ್ತಾಗಿದ್ದು ಇವತ್ತಾ."

ಸುಹಾನಾಗೆ ಆ ಕೆಲಸ ಸಿಕ್ಕಿತು.

ಬಂಧುಗಳೇ, ಆಗ ಮಾರ್ಗಸೂಚಿ ಇತ್ತು. ಈಗ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವೇ ಇದೆ. ಸರ್ಕಾರಿ ಇರಲಿ, ಖಾಸಗಿ ಇರಲಿ, ಜನರಿಗೆ ಸೇವೆ ಕೊಡುವವರ ವೆಬ್‌ಸೈಟು ಎಲ್ಲರಿಗೂ ಬಳಸಲು ಬರಬೇಕು. ನಿಮ್ಮ ಸಂಘದ, ಶಾಲೆಯ, ಅಂಗಡಿಯ ಸೈಟನ್ನು ಇಂಥ ತಂತ್ರಾಂಶದಿಂದ ಇವತ್ತೇ ಒಮ್ಮೆ ಓದಿಸಿ ಕೇಳಿ. ಅದು ತಡವರಿಸಿದರೆ ಸರಿ ಮಾಡಿಸಿ. ಬೇರೆಯವರ ಸೈಟು ತಡವರಿಸಿದರೆ ದೂರು ಬರೆಯಿರಿ, ಸಂಕೋಚ ಬೇಡ. ತನ್ನ ಅರ್ಜಿಯನ್ನು ತಾನೇ ತುಂಬುವುದು ಪ್ರತಿಯೊಬ್ಬರ ಹಕ್ಕು.