ಮುಂಗೈ ಬಣ್ಣ

ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತು ಕರಿಯರ ವಾಟ್ಸ್ ಕೇರಿಯ ಜನರ ಅಂಗಾಲು ಉರಿಯುತ್ತಿತ್ತು. ಸಿನಿಮಾದವರು ನೆರಳಲ್ಲಿ ಮೇಜು ಹಾಕಿಕೊಂಡು ಹುರಿದ ಮಾಂಸ ತಿನ್ನುತ್ತಿದ್ದರು. ಗುಂಪಿನಲ್ಲಿ ನಿಲ್ಲಲು ಬಂದ ಕರಿಯರಿಗೆ ಸಿಕ್ಕಿದ್ದು ಒಣ ಬ್ರೆಡ್ಡು, ನಡುವೆ ಬೆವೆತ ಚೀಸು.

"ಬಡವರ ಹಸಿವಿನ ಸಿನಿಮಾ ಅಂತೆ," ಟೆಸ್ಸಿ ದೊಡ್ಡಮ್ಮ ಬ್ರೆಡ್ಡು ತಿರುಗಿಸಿ ನೋಡಿದಳು. "ಹಸಿವು ಮಾತ್ರ ನಮ್ ಕೈಲೇ ಮಾಡಿಸ್ತಾರೆ."

ಪಕ್ಕದಲ್ಲಿದ್ದ ಕೇರಿಯ ಹುಡುಗ ಓಡೆಲ್ ನಕ್ಕ. ಅವನಿಗೆ ಇವತ್ತು ಹಸಿವೇ ಇರಲಿಲ್ಲ. ಸಿನಿಮಾದಲ್ಲಿ ಪೊಲೀಸರು ಅಟ್ಟಿಸಿಕೊಂಡು ಬಂದಾಗ ಕರಿಯ ಹುಡುಗನೊಬ್ಬ ಮೂರನೇ ಮಹಡಿಯಿಂದ ಬೀಳಬೇಕು. ಆ ಪಾತ್ರದ ಹೀರೋ ತಾನೇ ಬೀಳುವುದಿಲ್ಲ. ಅವನ ಬದಲು ನೀನು ಬೀಳು ಎಂದು ನಿರ್ದೇಶಕ ಗ್ಯಾರಟ್ ತಾನೇ ಬಂದು ಹೇಳಿದ್ದ. ಪಾರ್ಕಿನಲ್ಲಿ ಹರಕು ಹಾಸಿಗೆ ಹಾಕಿಕೊಂಡು, ಪಕ್ಕೆಲುಬು ಮುರಿದುಕೊಂಡು ಓಡೆಲ್ ಬೀಳುವುದನ್ನು ಕಲಿತಿದ್ದ. ಕ್ಯಾಮೆರಾ ಮುಂದೆ ಒಂದು ಸಲ ಬಿದ್ದರೆ ಸಾಹಸ ಕಲಾವಿದರ ಸಂಘದ ಕಾರ್ಡು ಸಿಗುತ್ತಿತ್ತು. ಆದರೆ ಕಾರ್ಡಿಲ್ಲದವನಿಗೆ ಬೀಳಲು ಬಿಡುವುದಿಲ್ಲ. ಹುಚ್ಚು ಬಿಡುವವರೆಗೆ ಮದುವೆಯಾಗಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡಲ್ಲ ಅನ್ನುವ ಹಾಗೆ. ಇವತ್ತು ಆ ಗಂಟು ಬಿಚ್ಚುತ್ತದೆ ಎಂದುಕೊಂಡಿದ್ದ.

ಮೇಕಪ್ಪಿನವನು ಡಬ್ಬಿ ಹಿಡಿದು ಬಂದ. "ಮುಂಗೈ ಒಂಚೂರು ಕೊಡಪ್ಪಾ."

ಕಂದು, ಕಪ್ಪು ಬೆರೆಸಿ ಬೆರೆಸಿ ಓಡೆಲ್‌ನ ಮುಂಗೈ ಮೇಲೆ ಮೆತ್ತಿದ. ಕಣ್ಣು ಕಿರಿದು ಮಾಡಿ ನೋಡಿದ. ಮತ್ತೆ ಮೆತ್ತಿದ.

"ನಂಗ್ಯಾಕ್ ಸ್ವಾಮಿ ಬಣ್ಣ? ಹುಟ್ತಾನೇ ಬಳ್ಕೊಂಡ್ ಬಂದಿದೀನಿ."

"ನಿಂಗಲ್ಲ. ಹೀರೋ ಬಣ್ಣಕ್ಕೆ ಹೊಂದಿಸ್ಬೇಕು, ಅವ್ನು ಮಲಗಿದಾನೆ, ಎಬ್ಬಿಸಂಗಿಲ್ಲ. ನಿಂದೂ ಅವಂದೂ ಒಂದೇ ಬಣ್ಣ, ಅದಕ್ಕೆ."

ಸ್ವಲ್ಪ ಹೊತ್ತಿಗೆ ವ್ಯಾನಿನಿಂದ ಡ್ವೇನ್ ಇಳಿದ. ಬಿಳಿಯ, ಬೀಳುವ ಕಸುಬಿನವನು, ಕಾರ್ಡು ಇದ್ದವನು. ಮುಖ, ಕುತ್ತಿಗೆ, ಕೈಗೆಲ್ಲ ಕಪ್ಪು ಬಳಿದಿದ್ದರು. ತಲೆ ಮೇಲೆ ಗುಂಗುರು ಕೂದಲಿನ ವಿಗ್ಗು. ಕಿವಿಯ ಹಿಂದೆ ಬೆವರಿಗೆ ಬಣ್ಣ ಇಳಿಯುತ್ತಿತ್ತು. ಓಡೆಲ್ ತನ್ನ ಮುಂಗೈ ನೋಡಿಕೊಂಡ. ಆ ಕಪ್ಪು ತನ್ನ ಮೈಯಿಂದಲೇ ಅಳೆದುಕೊಂಡು ಹೋದದ್ದು.

ಗ್ಯಾರಟ್ ಬಂದು ಹೆಗಲ ಮೇಲೆ ಕೈ ಹಾಕಿದ. ಗಡ್ಡ, ಹರಿದ ಪ್ಯಾಂಟು. ಸ್ಟುಡಿಯೋದ ಮುದಿ ಧಣಿಗಳನ್ನು ಮನೆಗೆ ಕಳಿಸಿ ಬೀದಿಯನ್ನೇ ಪರದೆಗೆ ತಂದ ಹೊಸ ಹುಡುಗರಲ್ಲಿ ಇವನೂ ಒಬ್ಬ ಎಂದು ಪತ್ರಿಕೆಗಳು ಬರೆಯುತ್ತಿದ್ದವು.

"ನಾನೂ ಬಂಡಾಯದವನೇ ಬ್ರದರ್. ಆದ್ರೆ ವಿಮೆಯೋರು ಕಾರ್ಡ್ ಇಲ್ದೋರನ್ನ ಒಪ್ತಿಲ್ಲ. ನಿಮ್ಮ ಜನದ ಕಥೆ ಇದು, ದೊಡ್ಡ ಮನಸ್ಸು ಮಾಡು."

"ನಮ್ ಜನದ ಕಥೇಲಿ ಸಾಯಕ್ಕೂ ನಾವು ಬೇಡ್ವಾ?"

"ಮುಂದಿನ ಸಿನಿಮಾದಲ್ಲಿ ನೋಡೋಣ," ಎಂದು ಗ್ಯಾರಟ್ ಕ್ಯಾಮೆರಾ ಕಡೆ ನಡೆದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಥೂ.

ಡ್ವೇನ್ ಮೇಲಿಂದ ಬಿದ್ದ. ಕೆಳಗೆ ಜೋಡಿಸಿದ್ದ ರಟ್ಟಿನ ಪೆಟ್ಟಿಗೆಗಳಿಗೆಲ್ಲ ಕಪ್ಪು ಮೆತ್ತಿಕೊಂಡಿತು. ಪೆಟ್ಟಿಗೆ ಸರಿಸಿ ಅವನನ್ನು ಹೆಣದಂತೆ ನೆಲದ ಮೇಲೆ ಮಲಗಿಸಿದರು. ಇನ್ನು ಜನ ಓಡಿಬಂದು ಅಳಬೇಕು. ಟೆಸ್ಸಿ ದೊಡ್ಡಮ್ಮ ಹೆಣ ತಬ್ಬಿಕೊಳ್ಳಬೇಕು. ಹಿಂದೆ ಕೇರಿಯಲ್ಲಾದ ಗಲಭೆಯಲ್ಲಿ ಪೊಲೀಸರ ಗುಂಡಿಗೆ ಮಗನನ್ನು ಕಳೆದುಕೊಂಡವಳು ಎಂದೇ ಅವಳನ್ನು ಆರಿಸಿದ್ದರು, ನಿಜವಾದ ಕಣ್ಣೀರು ಬರುತ್ತದೆ ಎಂದು.

ಕ್ಯಾಮೆರಾ ತಿರುಗಿತು. ಟೆಸ್ಸಿ ಕದಲಲಿಲ್ಲ. ಅವಳ ಹಿಂದಿದ್ದವರೂ ಕದಲಲಿಲ್ಲ.

"ಅಳಮ್ಮಾ," ಗ್ಯಾರಟ್ ಕೂಗಿದ. "ನಿನ್ನ ಮಗನ್ನ ನೆನಸ್ಕೊ."

"ಯಾರಿಗೆ ಅಳ್ಳಿ?" ಟೆಸ್ಸಿ ನೆಲದ ಮೇಲಿದ್ದವನನ್ನು ನೋಡಿದಳು. "ನಮ್ಮೋರ್ ಯಾರೂ ಬಿದ್ದಿಲ್ವಲ್ಲ. ನನ್ ಮಗ ಸಾಯೋವಾಗ ಅವನ್ ಬದ್ಲು ಯಾರೂ ಬಣ್ಣ ಬಳ್ಕೊಂಡ್ ಬರ್ಲಿಲ್ಲ ಕಣಪ್ಪ."

ಬ್ರೆಡ್ಡಿನ ಪೊಟ್ಟಣವನ್ನು ನಿರ್ದೇಶಕನ ಕುರ್ಚಿಯ ಮೇಲಿಟ್ಟು ಮನೆ ಕಡೆ ತಿರುಗಿದಳು. ಒಬ್ಬೊಬ್ಬರಾಗಿ ಎಲ್ಲರೂ ಪೊಟ್ಟಣ ಇಟ್ಟು ಹೊರಟರು.

ಗ್ಯಾರಟ್‌ನ ಕಣ್ಣು ಅರಳಿತು. "ನಿಲ್ಲಿಸ್ಬೇಡ, ತೆಗಿತಾ ಇರು," ಕ್ಯಾಮೆರಾದವನ ಬೆನ್ನು ತಟ್ಟಿದ. "ಮುಖ ತೆಗಿ. ಇಂಥ ಸಿಟ್ಟು ಕಾಸು ಕೊಟ್ರೂ ಸಿಗಲ್ಲ."

ಓಡೆಲ್ ನಿಂತ. ಕ್ಯಾಮೆರಾಕ್ಕೆ ಅಡ್ಡ ಹೋದರೆ ಈ ಊರಿನಲ್ಲಿ ಕಾರ್ಡಿನ ಆಸೆ ಸತ್ತಂತೆ ಎಂದು ಅವನಿಗೆ ಗೊತ್ತಿತ್ತು. ಹೋದ. ಬಣ್ಣ ಮೆತ್ತಿದ್ದ ಮುಂಗೈಯನ್ನು ಕ್ಯಾಮೆರಾದ ಗಾಜಿಗೆ ಒತ್ತಿ ಈ ಕಡೆಯಿಂದ ಆ ಕಡೆಗೆ ಎಳೆದು ಬಳಿದ.

"ಈಗ ತೆಗಿ," ಅಂದ. "ಎಷ್ಟು ಬೇಕೋ ತೆಗಿ."