ಓದಿ ಹೇಳುವವರು

ಅಕ್ಷಯಾಳಿಗೆ ಮೂವತ್ತೊಂದು ವರ್ಷ. ಬುದ್ಧಿಯ ಬೆಳವಣಿಗೆ ನಿಧಾನ ಎಂದು ಡಾಕ್ಟರು ಚಿಕ್ಕಂದಿನಲ್ಲೇ ಹೇಳಿದ್ದರು. ಆದರೂ ತಮಿಳು ಮಾತಿನ ಆ ಮಹಾನಗರದಲ್ಲಿ ರಾಯಪುರಂನಿಂದ ಒಬ್ಬಳೇ ಬಸ್ಸು ಹತ್ತಿ ಪ್ಯಾರೀಸ್ ಕಾರ್ನರ್‌ಗೆ ಹೋಗಿ, ಅಲ್ಲಿನ ಅಂಗಡಿಯೊಂದರಲ್ಲಿ ಮದುವೆ ಪತ್ರಿಕೆಗಳನ್ನು ಮಡಚುವ ಕೆಲಸವನ್ನು ಒಂಬತ್ತು ವರ್ಷದಿಂದ ಮಾಡುತ್ತಿದ್ದಳು. ಅವಳು ಮಡಚಿದ ಪತ್ರಿಕೆ ಸೊಟ್ಟಗಿದ್ದದ್ದನ್ನು ಯಾರೂ ಕಂಡಿಲ್ಲ.

ಅಮ್ಮ ಹೋದಮೇಲೆ ಮನೆಯಲ್ಲಿ ಅವಳು, ಅಣ್ಣ ಸತ್ಯಾತ್ಮ ಇಬ್ಬರೇ. ರುಜು ಹಾಕುವುದನ್ನು ಕಲಿಸಿದವನೂ ಅವನೇ. ತಿಂಗಳುಗಟ್ಟಲೆ ಕೈಹಿಡಿದು ತಿದ್ದಿಸಿದ್ದ. ಹಾಗಾಗಿ, "ಉಡುಪಿಗೆ ಹೋಗೋಣ ಅಕ್ಷೂ, ರೈಲಿನ ಕನ್ಸೆಷನ್‌ಗೆ ಒಂದು ಸೈನ್ ಹಾಕು" ಎಂದಾಗ ಮರುಮಾತಿಲ್ಲದೆ ಹಾಕಿಕೊಟ್ಟಳು.

ತಿಂಗಳ ಮೇಲೆ ಕಲೆಕ್ಟರ್ ಕಚೇರಿಯಿಂದ ಅವಳ ಹೆಸರಿಗೇ ಕಾಗದ ಬಂತು. ತನಗೂ ಒಂದು ಕಾಗದ ಬಂತೆಂಬ ಹಿಗ್ಗಿನಲ್ಲಿ, ತಾನು ಹಿಂದೆ ಕಲಿತ ತರಬೇತಿ ಕೇಂದ್ರದ ಶಿಕ್ಷಕಿ ನಾಗರತ್ನಮ್ಮನವರ ಬಳಿ ಒಯ್ದಳು.

ನಾಗರತ್ನಮ್ಮ ಓದಿ, ಕನ್ನಡಕ ತೆಗೆದರು. "ನಿನಗೆ ಗಾರ್ಡಿಯನ್ ಆಗ್ಬೇಕು ಅಂತ ನಿಮ್ಮಣ್ಣ ಅರ್ಜಿ ಹಾಕಿದಾರಮ್ಮ. ನೀನು ಯಾವ ತೀರ್ಮಾನಾನೂ ಮಾಡಲಾರೆ, ಹಾಸ್ಟೆಲಿಗೆ ಸೇರಿಸ್ಬೇಕು ಅಂತಿದೆ. ನೀನು ಒಪ್ಪಿದೀಯ ಅಂತ ಸೈನೂ ಇದೆ."

"ಅದು ರೈಲಿಗೆ ಹಾಕಿದ್ದು, ಮಿಸ್" ಎಂದಳು ಅಕ್ಷಯಾ. ಹೇಳುತ್ತಿದ್ದಂತೆಯೇ ಅವಳಿಗೆ ಅರ್ಥವಾಯಿತು.

ಸಂಜೆ ಕಾಗದವನ್ನು ಅಣ್ಣನ ಮುಂದಿಟ್ಟಳು. ಅವನ ಮುಖ ಕಪ್ಪಿಟ್ಟಿತು.

"ನಿನ್ನ ಒಳ್ಳೇದಕ್ಕೇ ಕಣೇ. ನಾಳೆ ನನಗೇನಾದ್ರೂ ಆದ್ರೆ ನಿನ್ನ ಯಾರು ನೋಡ್ಕೋತಾರೆ? ಹೇಳಿದ್ರೆ ನೀನು ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳಲಿಲ್ಲ."

ಅವಳು ಅಳಲಿಲ್ಲ. ಆದರೆ ಅಂದಿನಿಂದ ಅವನು ಕೊಟ್ಟ ಯಾವುದನ್ನೂ, ತಟ್ಟೆಯಲ್ಲಿ ಬಡಿಸಿದ್ದನ್ನೂ, ಒಂದು ಗಳಿಗೆ ನೋಡದೆ ಮುಟ್ಟಲಿಲ್ಲ.

ಕಲೆಕ್ಟರ್ ಕಚೇರಿಯಲ್ಲಿ ಅರ್ಜಿಯ ವಿಚಾರಣೆಯ ದಿನ ನಾಗರತ್ನಮ್ಮ ಜೊತೆಗೆ ಬಂದರು. ಗಾರ್ಡಿಯನ್ ಬೇಕಿಲ್ಲ, ಯಾವ ವಿಷಯಕ್ಕೆ ಯಾರ ನೆರವು ಎಂದು ಅವಳೇ ಆರಿಸಲಿ, ನೆರವಿನವರು ಬಿಡಿಸಿ ಹೇಳಲಿ, ತೀರ್ಮಾನ ಮಾತ್ರ ಅವಳದೇ ಇರಲಿ ಎಂದು ಬರೆದ ಒಪ್ಪಂದವನ್ನು ಅಧಿಕಾರಿಯ ಮುಂದಿಟ್ಟರು. ಅದನ್ನು ಅಕ್ಷಯಾಳಿಗೆ ಮೂರು ಸಲ ಓದಿ ಹೇಳಿದ್ದರು.

"ಸೊಲ್ಲುಮ್ಮಾ", ಹೇಳಮ್ಮಾ, ಎಂದು ಅಧಿಕಾರಿ ತಮಿಳಿನಲ್ಲೇ ಮಾತಾಡಿಸಿದಳು. ಆಸ್ಪತ್ರೆಗೆ ಯಾರು ಬರಬೇಕು? ನಾಗರತ್ನಮ್ಮ. ಕಾಗದಪತ್ರ ಓದಿ ಹೇಳುವವರು? ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಲಕ್ಷ್ಮೀ. ಎಲ್ಲಿರಬೇಕು? ಈಗಿರುವ ಮನೆಯಲ್ಲೇ.

"ಅಣ್ಣನ ಹೆಸರು ಎಲ್ಲೂ ಇಲ್ಲವಲ್ಲ?" ಎಂದಳು ಅಧಿಕಾರಿ.

ಸತ್ಯಾತ್ಮ ತಲೆಯೆತ್ತಿದ. ಅಕ್ಷಯಾ ಅವನನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದಳು: "ಅವನು ಸುಳ್ಳು ಓದ್ತಾನೆ."

ನಾಗರತ್ನಮ್ಮ ಅದನ್ನು ತಮಿಳಿನಲ್ಲಿ ಹೇಳಬೇಕಾಯಿತು. ಅಧಿಕಾರಿ ಅರ್ಜಿಯನ್ನು ತಳ್ಳಿಹಾಕಿ, ಒಪ್ಪಂದವನ್ನು ಕಡತಕ್ಕೆ ಸೇರಿಸಿದಳು.

ಹೊರಗೆ ಸತ್ಯಾತ್ಮ ಆಟೋ ನಿಲ್ಲಿಸಿ, "ಬಾ, ಮನೆಗೆ ಹೋಗೋಣ" ಎಂದ. ಅವಳಿಗೆ ಗೆದ್ದೆನೆಂಬ ಖುಷಿಯೇನೂ ಇರಲಿಲ್ಲ. ಹೋಗಬೇಕಾದದ್ದು ಅದೇ ಮನೆಗೆ, ಇರಬೇಕಾದದ್ದು ಇವನ ಜೊತೆಗೇ.

"ನೀನು ಹೋಗು" ಎಂದು ಅವಳು ಬಸ್ ನಿಲ್ದಾಣದ ಕಡೆ ನಡೆದಳು.