ಹಂದಿ ಪುಸ್ತಕಕ್ಕೆ ಮಾತು ಬಂದದ್ದು

ನ್ಯೂಜಿಲೆಂಡಿನಿಂದ ಬಂದ ಪೆಟ್ಟಿಗೆಯನ್ನು ಒಡೆದ ದಿನ ನಮ್ಮ ದ್ವೀಪದೂರು ವೈಸಾಮಾದ ಪಾದ್ರಿಯ ಹೆಂಡತಿ ಸೂಲಮಿತಾ ಮೊದಲು ಮಾಡಿದ ಕೆಲಸವೆಂದರೆ ಪುಸ್ತಕವೊಂದನ್ನು ತಲೆಕೆಳಗು ಹಿಡಿದು ಕೊಡವಿದ್ದು. ಏನೂ ಉದುರಲಿಲ್ಲ.

"ಅಕ್ಷರ ಹಾಕೋದನ್ನೇ ಮರೆತಿದಾರೆ. ಕೆಟ್ಟುಹೋದ ಮಾಲನ್ನೆಲ್ಲ ನಮಗೆ ದಾಟಿಸ್ತಾರೆ. ಹೋದ ಸಲ ಬರೀ ಎಡಗಾಲಿನ ಬೂಟು ಬಂದಿರಲಿಲ್ವಾ, ಹಾಗೆ" ಎಂದಳು.

"ಇಲ್ಲಮ್ಮಾ, ಬೇಕಂತಲೇ ಹಾಕಿಲ್ಲ" ಎಂದಳು ಶಿಶುಶಾಲೆಯ ಟೀಚರ್ ವೈಲಾ. "ಮಕ್ಕಳೇ ಚಿತ್ರ ನೋಡಿ ಕತೆ ಹೇಳ್ಬೇಕಂತೆ. ಒಂದೊಂದು ಮಗು ಒಂದೊಂದು ಥರ."

"ಒಂದೊಂದು ಥರ ಹೇಳಿದ್ರೆ ತಪ್ಪು ಹೇಳಿದ್ದು ಯಾರು ಅಂತ ಗೊತ್ತಾಗೋದು ಹೇಗೆ?"

"ತಪ್ಪು ಅನ್ನೋದೇ ಇರಲ್ಲವಂತೆ."

"ತಪ್ಪೇ ಇಲ್ಲದ ಪಾಠಕ್ಕೆ ಟೀಚರ್ ಯಾಕೆ ಬೇಕು? ನಿನ್ನ ಸಂಬಳಕ್ಕೆ ನೀನೇ ಕಲ್ಲು ಹಾಕ್ಕೋತಿದೀಯಲ್ಲೇ ಹುಡುಗಿ!"

ಸಂಬಳದ ಮಾತು ತಮಾಷೆಯದಾಗಿರಲಿಲ್ಲ. ವೈಲಾಳಿಗೆ ಸಂಬಳ ಕೊಡುತ್ತಿದ್ದವರು ಪುಸ್ತಕ ಕಳಿಸಿದ ನೆರವಿನ ಸಂಸ್ಥೆಯವರೇ. ಅವಳ ಅಣ್ಣ ಆಕ್ಲೆಂಡಿನಲ್ಲಿ ಮದುವೆಯಾಗಿ ಮನೆಗೆ ದುಡ್ಡು ಕಳಿಸುವುದನ್ನು ನಿಲ್ಲಿಸಿದ ಮೇಲೆ ಆ ಮನೆಯ ಅಕ್ಕಿ, ಸೋಪು, ಕರೆಂಟು ಎಲ್ಲ ನಡೆಯುತ್ತಿದ್ದುದು ಅದರಿಂದಲೇ. ಮುಂದಿನ ತಿಂಗಳು ಅವರ ಕಡೆಯ ಬ್ರೊನ್ವೆನ್ ಎಂಬಾಕೆ ಬರುವವಳಿದ್ದಳು. ಮಕ್ಕಳು ಪುಸ್ತಕ ನೋಡಿ ಸ್ವಂತ ಕತೆ ಹೇಳಿದರೆ ಶಾಲೆ ಉಳಿಯುತ್ತದೆ. ಇಲ್ಲದಿದ್ದರೆ ಬಾಗಿಲು ಮುಚ್ಚಿ ಮಕ್ಕಳನ್ನು ಪಕ್ಕದ ಫಾಂಗಾಮಾಗೆ ಕಳಿಸುವುದು. ಫಾಂಗಾಮಾದ ಪಾದ್ರಿಯ ಹೆಂಡತಿಯ ಎದುರು ತಲೆ ತಗ್ಗಿಸುವುದಕ್ಕಿಂತ ಸಮುದ್ರಕ್ಕೆ ಹಾರುವುದು ಮೇಲು ಎಂದು ಸೂಲಮಿತಾ ಆಗಲೇ ಊರಿಗೆಲ್ಲ ಹೇಳಿಯಾಗಿತ್ತು. ಆದರೆ ಅವಳು ಹಾರುವವಳಲ್ಲ. ಕೆಲಸ ಹೋಗುವುದು ವೈಲಾಳದು.

ಹಾಗಾಗಿ ಸ್ವಂತ ಕತೆಯ ತಯಾರಿಯನ್ನು ಸೂಲಮಿತಾ ತಾನೇ ವಹಿಸಿಕೊಂಡಳು. ಉಳಿದ ಪುಸ್ತಕಗಳೆಲ್ಲ ಪ್ಲಾಸ್ಟಿಕ್ ಕೂಡ ಬಿಚ್ಚದೆ ಪಾದ್ರಿಯ ಮನೆಯ ಗಾಜಿನ ಬೀರುವಿನಲ್ಲಿ, ಹಬ್ಬದ ತಟ್ಟೆಗಳ ಪಕ್ಕದಲ್ಲಿ ಕುಳಿತವು. ಹೊರಗೆ ಉಳಿದದ್ದು ಒಂದೇ, ಗಾಳಿಗೆ ಕೊಡೆ ಹಾರಿಹೋದ ಮುದುಕನ ಪುಸ್ತಕ. ನಮ್ಮಲ್ಲಿ ಮಕ್ಕಳು ಅಕ್ಷರ ಕಲಿಯುವ ಕ್ರಮ ಒಂದೇ ಥರ. ಗೋಡೆಯ ಪಟದ ಮೇಲೆ ಟೀಚರ್ ಕೋಲು ಇಟ್ಟ ಕೂಡಲೇ ಎಲ್ಲರೂ ಒಟ್ಟಿಗೆ ಕಿರುಚಬೇಕು. ಅಮ್ಮಂದಿರು ಹಾಗೇ ಕಲಿತರು, ಅಜ್ಜಿಯರೂ ಹಾಗೇ ಕಲಿತರು. ಪಟಕ್ಕೆ ಆಗುವುದು ಪುಸ್ತಕಕ್ಕೆ ಯಾಕೆ ಆಗಬಾರದು?

"ಅಜ್ಜ! ಅಜ್ಜನ ಕೊಡೆ!"

"ಗಾಳಿ! ಕೆಟ್ಟ ಗಾಳಿ!"

"ಕೊಡೆ ಸಿಕ್ಕಿತು! ದೇವರಿಗೆ ಸ್ತೋತ್ರ!"

ಕೊಡೆ ಸಿಗುವ ಪುಟದಲ್ಲಿ ದೇವರೇನೂ ಇರಲಿಲ್ಲ. ಕೊಡೆ ಮರಕ್ಕೆ ಸಿಕ್ಕಿಹಾಕಿಕೊಂಡಿತ್ತು, ಅಷ್ಟೆ.

"ಅಮ್ಮಾ, ಇದು ಅವರದೇ ಕತೆ ಅಂತ ಆ ಹೆಂಗಸು ನಂಬ್ತಾಳಾ?" ಎಂದು ವೈಲಾ ಕೇಳಿದಳು.

"ಅವರ ಬಾಯಿಂದ ತಾನೆ ಬರ್ತಿರೋದು? ಮತ್ತೆ ಯಾರದು?"

ಬ್ರೊನ್ವೆನ್ ಬಂದ ದಿನ ಊರು ಬೆಳಗಿನಿಂದಲೇ ಹೊಗೆಯಾಡುತ್ತಿತ್ತು. ಚರ್ಚಿನ ಹಿಂದೆ ಕಲ್ಲು ಕಾಯಿಸಿ ಕಲ್ಲೊಲೆ ಹೂಡಿ, ಕೆಸುವಿನ ಗಡ್ಡೆ, ದೀವಿಹಲಸು, ಒಂದು ಇಡೀ ಹಂದಿ ಎಲ್ಲವನ್ನೂ ಬಾಳೆ ಎಲೆಯಡಿ ಮುಚ್ಚಿದ್ದರು. ಮಕ್ಕಳ ತಲೆಗೆ ಕೊಬ್ಬರಿ ಎಣ್ಣೆ, ಮೈಗೆ ಬಿಳಿ ಬಟ್ಟೆ. ಬ್ರೊನ್ವೆನ್ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಕಾಲು ನೋಯುತ್ತಿದ್ದರೂ ನಗುತ್ತಿದ್ದಳು. ನಮ್ಮಲ್ಲಿಗೆ ಬರುವ ಅಂಥವರೆಲ್ಲ ಆ ನಗುವನ್ನು ಊರಿನಿಂದಲೇ ಹಾಕಿಕೊಂಡು ಬಂದು ವಿಮಾನ ಹತ್ತಿದ ಮೇಲೆ ತೆಗೆಯುತ್ತಾರೆ. ಕೈಯಲ್ಲೊಂದು ಕ್ಯಾಮೆರಾ ಇತ್ತು.

ಸೂಲಮಿತಾ ಕೋಲು ಎತ್ತಿದಳು. ಮಕ್ಕಳು ಕಿರುಚಿದರು. ಮಾಡಿನ ಮೇಲಿನ ಪಾರಿವಾಳಗಳು ಎದ್ದು ಹೋದವು. ದೇವರಿಗೆ ಸ್ತೋತ್ರ ಮುಗಿದಾಗ ಬ್ರೊನ್ವೆನ್‌ಳ ನಗು ಸ್ವಲ್ಪ ಸಡಿಲವಾಗಿತ್ತು.

"ಜ್ಞಾಪಕಶಕ್ತಿ ಬಹಳ ಚೆನ್ನಾಗಿದೆ" ಎಂದು ಅವಳು ವೈಲಾಳಿಗೆ ಇಂಗ್ಲಿಷಿನಲ್ಲಿ ಹೇಳಿದಳು. "ಬೇರೆ ಪುಸ್ತಕ ತರ್ತೀರಾ? ಮತ್ತೆ ಆ ಕೋಲು ಬೇಡ, ದಯವಿಟ್ಟು."

ಬೀರುವಿನಿಂದ ಪುಸ್ತಕ ಬಂತು. ಎಲ್ಲರ ಎದುರಿಗೇ ಪ್ಲಾಸ್ಟಿಕ್ ಚರಚರ ಹರಿಯಿತು. ಬ್ರೊನ್ವೆನ್ ಹರಿದ ಪ್ಲಾಸ್ಟಿಕ್ ಕಡೆ ನೋಡಿದಳು. ವೈಲಾ ಅದನ್ನು ಮುದುರಿ ಚಾಪೆಯಡಿ ತುರುಕಿದಳು.

ಅದು ಹಂದಿಯ ಪುಸ್ತಕ. ಬಿಳಿ ಹಂದಿಯೊಂದು ದೊಡ್ಡಿಯಿಂದ ತಪ್ಪಿಸಿಕೊಂಡು, ರೈಲು ಹತ್ತಿ, ಹಿಮ ಬಿದ್ದ ಪಟ್ಟಣದಲ್ಲಿ ಅಲೆದು, ಕೊನೆಗೆ ಕಪ್ಪು ಕೋಟಿನ ದಪ್ಪ ಮನುಷ್ಯನೊಬ್ಬನ ತೋಳು ಸೇರುತ್ತದೆ. ಅವನ ಪಕ್ಕ ಹಳದಿ ಕೂದಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತಾಳೆ.

ಮಕ್ಕಳು ಕೋಲನ್ನು ಹುಡುಕಿದರು. ಕೋಲು ಇರಲಿಲ್ಲ. ಪುಟಗಳು ಮಗುಚಿದವು, ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಯ ಪುಟ ಬಂದಾಗ ಪೆಲೆ ಎಂಬ ನಾಲ್ಕು ವರ್ಷದ ಹುಡುಗಿ ಮುಂದೆ ಬಂದು ದಪ್ಪ ಮನುಷ್ಯನ ಮೇಲೆ ಬೆರಳಿಟ್ಟಳು.

"ಇದು ಪಾದ್ರಿ" ಎಂದಳು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸರು ಚಾಪೆಯ ಅಂಚು ನೋಡತೊಡಗಿದರು.

"ಇದು ನಮ್ಮನೆ ಹಂದಿ. ಬೆಳಿಗ್ಗೆ ಮಾವಂದಿರು ಹಿಡಿಯೋಕೆ ಬಂದಾಗ ಹೀಗೇ ಓಡ್ತು. ಆಮೇಲೆ ಕುತ್ತಿಗೆ ಮೇಲೆ ಕೋಲಿಟ್ಟು ನಿಂತ್ರು. ಸತ್ತುಹೋಯ್ತು. ಈಗ ಕಲ್ಲೊಲೇಲಿದೆ. ಬೆನ್ನು ಪಾದ್ರಿಗೆ. ತೊಡೆ ಊರ ಯಜಮಾನ್ರಿಗೆ. ತಲೆ ಒಲೆ ಹೂಡಿದ ಹುಡುಗರಿಗೆ."

ಪಾಲಿನ ಲೆಕ್ಕ ಕಿವಿಗೆ ಬಿದ್ದ ಕೂಡಲೇ ಉಳಿದ ಮಕ್ಕಳಿಗೂ ಬಾಯಿ ಬಂತು. ಇದು ಗೊತ್ತಿದ್ದ ಪಾಠ.

"ಕರುಳು ಹೆಂಗಸರಿಗೆ!"

"ಇಲ್ಲ ಕಣೋ, ಪಕ್ಕೆ ಅತಿಥಿಗೆ!"

"ಅತಿಥಿ ಇವಳೇ!" ಪೆಲೆ ಹಳದಿ ಕೂದಲಿನ ಹೆಂಗಸಿನಿಂದ ಬೆರಳೆತ್ತಿ ಬ್ರೊನ್ವೆನ್‌ಳತ್ತ ತೋರಿಸಿದಳು. "ಇವಳಿಗೋಸ್ಕರ ಕೊಂದಿದ್ದು. ಹಂದಿ ನಮ್ದು, ನಮ್ಮನೇಗೇ ಏನೂ ಇಲ್ಲ. ಕಿವಿನಾದ್ರೂ ಕೊಡಿ ಅಂತ ಅಜ್ಜಿ ಕೇಳಿದ್ಳು, ಕೊಡಲಿಲ್ಲ." ಹಂದಿ ಸತ್ತದ್ದಕ್ಕೆ ಅವಳಿಗೆ ಯಾವ ದುಃಖವೂ ಇರಲಿಲ್ಲ. ಸಿಟ್ಟು ಕಿವಿಯದು.

ಬ್ರೊನ್ವೆನ್ ಮಂಡಿಯೂರಿ ಕುಳಿತಿದ್ದಳು. ಕಣ್ಣು ಹೊಳೆಯುತ್ತಿತ್ತು. "ಏನು ಹೇಳ್ತಿದಾಳೆ? ನನ್ನ ಕಡೆ ಯಾಕೆ ತೋರಿಸಿದಳು?"

ಎಲ್ಲರೂ ವೈಲಾಳ ಕಡೆ ನೋಡಿದರು. ಪಕ್ಕದಲ್ಲಿ ಸೂಲಮಿತಾಳ ಬೀಸಣಿಗೆ ನಿಂತುಹೋಗಿತ್ತು. ಮಕ್ಕಳು ಸ್ವಂತ ಕತೆ ಹೇಳಿದ್ದರು. ಕೇಳಿದ್ದು ಅದನ್ನೇ. ಅದನ್ನು ಹೇಳಿದ ಹಾಗೇ ದಾಟಿಸಿದರೆ ಶಾಲೆಗೆ ಇದೇ ಕೊನೆಯ ವಾರ ಎಂಬುದೂ ವೈಲಾಳಿಗೆ ಕಾಣುತ್ತಿತ್ತು.

"ಹಂದಿ ಒಂಟಿಯಾಗಿತ್ತಂತೆ" ಎಂದಳು ವೈಲಾ, ಮೆಲ್ಲಗೆ. "ಓಡಿ ಓಡಿ ಸುಸ್ತಾಗಿ ನಮ್ಮೂರಿಗೆ ಬಂತಂತೆ. ಊರಿನವರೆಲ್ಲ ಅದರ ಸುತ್ತ ಸೇರಿದರಂತೆ. ಅದು ತನ್ನಲ್ಲಿದ್ದದ್ದನ್ನೆಲ್ಲ ಎಲ್ಲರಿಗೂ ಹಂಚಿತಂತೆ. ನಿಮಗೂ ಒಂದು ಪಾಲು ಇದೆಯಂತೆ."

ತೂಗಿ ನೋಡಿದರೆ ಅದರಲ್ಲಿ ಸುಳ್ಳು ಬಹಳವೇನೂ ಇರಲಿಲ್ಲ.

ಬ್ರೊನ್ವೆನ್ ಕಣ್ಣೊರೆಸಿಕೊಂಡಳು. "ಇದು. ನಮಗೆ ಬೇಕಾಗಿದ್ದು ಇದೇ" ಎಂದು ಪೆಲೆಯನ್ನು ಎಳೆದು ಅಪ್ಪಿಕೊಂಡಳು. ಪೆಲೆ ಅವಳ ಭುಜದ ಮೇಲಿಂದ ಒಲೆಯ ಕಡೆ ನೋಡುತ್ತಿದ್ದಳು. ಊಟಕ್ಕೆ ಕುಳಿತಾಗ ಬ್ರೊನ್ವೆನ್ ಪಕ್ಕೆಯ ಪಾಲನ್ನು ಚಪ್ಪರಿಸಿ ತಿಂದಳು, ಇದು ಯಾವ ಮಾಂಸ ಎಂದು ಕೇಳಿದಳು, ಉತ್ತರ ಕೇಳಿ ಒಂದು ಗಳಿಗೆ ಕೈ ತಡೆದಳು, ಆಮೇಲೆ ಇನ್ನೊಂದು ತುಂಡು ತೆಗೆದುಕೊಂಡಳು.

ವೈಲಾಳ ಸಂಬಳ ಉಳಿಯಿತು. ಪೆಲೆಯ ವಿಡಿಯೊ, ಕೆಳಗೆ ವೈಲಾಳ ಮಾತಿನೊಂದಿಗೆ, ಎಲ್ಲೆಲ್ಲೋ ತೋರಿಸಲಾಯಿತಂತೆ. ಮುಂದಿನ ವರ್ಷ ಇನ್ನೂ ದೊಡ್ಡವರು ಬಂದು ಅದೇ ಕತೆಯನ್ನು ಮಕ್ಕಳ ಬಾಯಿಂದಲೇ ಕೇಳುತ್ತಾರೆ ಎಂಬ ಸುದ್ದಿ ಬಂದಾಗ ಸೂಲಮಿತಾ ಕೋಲನ್ನು ವೈಲಾಳ ಕೈಗೆ ಕೊಟ್ಟಳು.

"ಕತೆ ನಿಂದು. ನೀನೇ ಕಲಿಸು."

"ಮಕ್ಕಳದ್ದೇ ಇರಲಿ ಅಂದಿದ್ರಲ್ಲಮ್ಮಾ ಅವರು."

"ಮಕ್ಕಳ ಕತೆ ಕಲ್ಲೊಲೆ ತನಕ ಹೋಗಿದ್ದನ್ನ ಕೇಳಿದೀನಿ. ಕಲಿಸು."

ವೈಲಾ ಪುಸ್ತಕ ತೆರೆದಳು. ಕೊನೆಯ ಪುಟದ ಮೇಲೆ ಕೋಲಿಟ್ಟಳು.

"ಹಂದಿ! ಎಲ್ಲರಿಗೂ ಹಂಚಿತು!" ಮಕ್ಕಳು ಕಿರುಚಿದರು.

"ನಮ್ಮನೇಗೆ ಕೊಡಲಿಲ್ಲ" ಎಂದಳು ಪೆಲೆ.

ವೈಲಾ ಕೋಲಿನಿಂದ ಚಾಪೆಯನ್ನು ತಟ್ಟಿದಳು.

"ತಪ್ಪು" ಎಂದಳು. "ಇನ್ನೊಂದು ಸಲ. ಎಲ್ಲರೂ ಒಟ್ಟಿಗೆ."